ನಮ್ಮ ಮಿಷನ್‌ಮನೆಗೆ ಕರೆಂಟು ಬಂದದ್ದು

ನಾನು ಮದುವೆಯಾಗಿ ಬಂದ ಮನೆಯನ್ನು ಊರಿನವರು ಮಿಷನ್‌ಮನೆ ಎನ್ನುತ್ತಿದ್ದರು. ಹೊಳೆನರಸೀಪುರದಿಂದ ಚನ್ನರಾಯಪಟ್ಟಣಕ್ಕೆ ಹೋಗುವ ರಸ್ತೆಯಲ್ಲಿ ಬಸ್ಸಿಳಿದು ಒಂದಷ್ಟು ದೂರ ಒಳಕ್ಕೆ ನಡೆದರೆ ಸಿಗುವ ಊರು. ಮನೆಗೆ ಅಂಟಿಕೊಂಡಂತೆ ತಗಡು ಹೊದಿಸಿದ ಉದ್ದನೆಯ ಕಟ್ಟಡ, ಅದನ್ನೂ ಮಿಷನ್‌ಮನೆ ಎಂದೇ ಕರೆಯುತ್ತಿದ್ದೆವು. ಅದರೊಳಗೆ ರಾಗಿ ಬೀಸುವ ಮಿಷನ್ನು, ಅದನ್ನು ತಿರುಗಿಸಲು ಒಂದು ಕ್ರೂಡಾಯಿಲ್ ಎಂಜಿನ್ನು. ನನ್ನ ತವರು ಚನ್ನರಾಯಪಟ್ಟಣ. ಅಲ್ಲಿ ಮಿಡ್ಲ್ ಸ್ಕೂಲು ಮುಗಿಸಿದ್ದೆ, ದಿನಪತ್ರಿಕೆ ಓದುವ ಚಟ ಹತ್ತಿಸಿಕೊಂಡಿದ್ದೆ. ಬಂದ ಮೊದಲ ದಿನವೇ ಆ ಎಂಜಿನ್ನಿನ ಸದ್ದಿಗೆ ತಲೆ ಸಿಡಿದು, ಇದೆಂಥ ಮನೆಗೆ ಕೊಟ್ಟರಪ್ಪ ಎಂದು ಅಪ್ಪನ ಮೇಲೆ ಸಿಟ್ಟು ಮಾಡಿಕೊಂಡೆ. ಆ ಸಿಟ್ಟು ಇಳಿಯಲು ವರ್ಷ ಹಿಡಿಯಿತು. ನನಗೆ ಸಿಟ್ಟು ಬರುವುದು ಬೇಗ, ಹೋಗುವುದು ನಿಧಾನ.

ಮನೆಯಲ್ಲಿ ಮೂರೇ ಜನ, ನಾನು, ನಮ್ಮವರು, ಅತ್ತೆ. ಮಾವ ತೀರಿಕೊಂಡು ಬಹಳ ಕಾಲವಾಗಿತ್ತು. ಎಂಜಿನ್ನನ್ನು ತಂದವರು ಮಾವ, ಓಡಿಸುತ್ತಿದ್ದವರು ನಮ್ಮವರು, ಬೈಯುತ್ತಿದ್ದವರು ಅತ್ತೆ. ಬೆಳಿಗ್ಗೆ ಅದನ್ನು ಚಾಲೂ ಮಾಡುವುದೇ ಒಂದು ಯಜ್ಞ. ದೊಡ್ಡ ಚಕ್ರಕ್ಕೆ ಇಬ್ಬರು ಕೈ ಹಾಕಿ ತಿರುಗಿಸಬೇಕು, ಅದು ಕೆಮ್ಮಬೇಕು, ಒಂದು ಮುದ್ದೆ ಹೊಗೆ ಉಗುಳಬೇಕು, ಆಮೇಲೆ ಡುಗುಡುಗು ಎಂದು ಹಿಡಿದುಕೊಳ್ಳಬೇಕು. ಆ ಸದ್ದು ಕೇಳಿದ ಮೇಲೆ ಸುತ್ತಲ ಹಳ್ಳಿಗಳ ಹೆಂಗಸರು ರಾಗಿ ತುಂಬಿದ ಡಬ್ಬ ಹೊತ್ತು ಮನೆ ಬಿಡುತ್ತಿದ್ದರು.

ನಮ್ಮವರಿಗೆ ಮಿಷನ್ನಿಗಿಂತ ದೇಶದ ಮಾತು ಪ್ರೀತಿ. ಅಣೆಕಟ್ಟು, ಉಕ್ಕಿನ ಕಾರ್ಖಾನೆ, ಪಂಚವಾರ್ಷಿಕ ಯೋಜನೆ ಎಲ್ಲವೂ ಅವರ ಸ್ವಂತ ಆಸ್ತಿ ಎಂಬಂತೆ ಹೇಳಿಕೊಳ್ಳುತ್ತಿದ್ದರು. ರಾಗಿ ಹಾಕಿಸಲು ಬಂದ ಮುದುಕಿಗೂ ಜೋಗದ ನೀರು ಹೇಗೆ ಕರೆಂಟಾಗುತ್ತದೆ ಎಂದು ವಿವರಿಸುತ್ತಿದ್ದರು. ಆಕೆ ಹೂಂ ಎನ್ನುತ್ತಾ ತನ್ನ ಹಿಟ್ಟಿಗೆ ಬೇರೆಯವರ ಹಿಟ್ಟು ಬೆರೆಯದಂತೆ ನೋಡಿಕೊಳ್ಳುತ್ತಿದ್ದಳು. ಪತ್ರಿಕೆಯಲ್ಲಿ ಅಂಥದೇನಾದರೂ ಬಂದರೆ ನಾನು ಓದಿ ಹೇಳಬೇಕು. ನಾನು ಓದುವಾಗ ಅವರ ಮುಖ ನೋಡುವುದೇ ನನಗೊಂದು ಖುಷಿ ಆಗಿತ್ತು. ಮದುವೆಯ ಮೇಲಿನ ನನ್ನ ಸಿಟ್ಟು ಇಳಿದದ್ದು ಬಹುಶಃ ಹಾಗೆಯೇ.

ಐವತ್ತರ ದಶಕ ಮುಗಿಯುವ ಹೊತ್ತಿಗೆ ನಮ್ಮೂರಿಗೆ ಕರೆಂಟಿನ ಕಂಬ ಬಂತು. ನಮ್ಮವರು ಊಟ ನಿದ್ದೆ ಬಿಟ್ಟು ಕಂಬ ನೆಡುವವರ ಹಿಂದೆ ತಿರುಗಿದರು. ಎಂಜಿನ್ನು ಮಾರಿ ಮೋಟರು ತರುವುದೆಂದು ತೀರ್ಮಾನವಾಯಿತು. ಅರಕಲಗೂಡಿನ ಕಡೆಯವರೊಬ್ಬರು ತಮ್ಮ ಹೊಗೆಸೊಪ್ಪಿನ ಹೊಲಕ್ಕೆ ನೀರೆತ್ತಲು ಅದನ್ನು ಕೊಂಡರು. ಗಾಡಿಗೆ ಏರಿಸುವಾಗ ಅತ್ತೆ ಬಾಗಿಲಲ್ಲಿ ನಿಂತು ಗೊಣಗಿದರು.

"ಎಲ್ಲಿಂದ್ಲೋ ಬರೋದ ನಂಬ್ಕಂಡು ಮನೇಲಿರೋದ ಮಾರ್ತಾವ್ನೆ."

"ಅವ್ವಾ, ಜೋಗದಲ್ಲಿ ನೀರು ಬೀಳೋಗಂಟ ಕರೆಂಟು ಬತ್ತದೆ. ಅಲ್ಲಿ ನೀರು ಬೀಳೋದು ನಿಂತದಾ?" ಎಂದರು ನಮ್ಮವರು.

ಅತ್ತೆ ಜೋಗವನ್ನು ನೋಡಿರಲಿಲ್ಲ. ನಾವೂ ನೋಡಿರಲಿಲ್ಲ. ಆದರೆ ನಾವು ಓದಿದ್ದೆವು.

ಮೋಟರು ಕೂರಿಸಲು ಗಟ್ಟಿ ತಳಪಾಯ ಬೇಕು. ಸಿಮೆಂಟು ಆಗ ಪರ್ಮಿಟ್ಟಿನ ಮೇಲೆ ಸಿಗುತ್ತಿತ್ತು. ಅಣೆಕಟ್ಟುಗಳಿಗೆ ಮೊದಲು, ನಮ್ಮಂಥವರಿಗೆ ಮಿಕ್ಕಿದ್ದರೆ. ಅಲೆದಾಡಿ ತಂದದ್ದು ಗುಂಡಿಯ ಕಾಲುಭಾಗಕ್ಕೂ ಸಾಲದು. ಆಗ ನಮ್ಮವರಿಗೆ ಒಂದು ಉಪಾಯ ಹೊಳೆಯಿತು. ಮಿಷನ್ನು ಬಂದ ಮೇಲೆ ಊರಿನ ಮನೆಗಳಲ್ಲಿ ಬೀಸುಕಲ್ಲುಗಳು ಮೂಲೆ ಸೇರಿದ್ದವು. ಒಳ್ಳೆಯ ಕರಿಕಲ್ಲು. ಕೊಟ್ಟರೆ ತಳಪಾಯಕ್ಕೆ ತುಂಬಿ ಮೇಲೆ ಸಿಮೆಂಟು ಸುರಿಯಬಹುದು ಎಂದು ಮನೆಮನೆಗೆ ಹೋಗಿ ಕೇಳಿದರು. ಹೆಂಗಸರು ಹಾಳಾಗಿ ಹೋಗಲಿ ಎನ್ನುವ ಸಂತೋಷದಿಂದ ಕೊಟ್ಟರು. ಆ ಕಲ್ಲಿನ ಮುಂದೆ ಕೂತು ಅವರ ತೋಳು ಸೋತಿದ್ದವು, ಸೊಂಟ ಬಿದ್ದಿತ್ತು. ಆದರೂ ಬರಿಗೈಯಲ್ಲಿ ಕಳಿಸಲಿಲ್ಲ. ಪ್ರತಿ ಕಲ್ಲಿಗೂ ಅರಿಶಿನ ಕುಂಕುಮ ಇಟ್ಟು, ಕಾಳು ಹಾಕುವ ನಡುವಿನ ಕಣ್ಣಿಗೆ ಒಂದು ಹಿಡಿ ರಾಗಿ ಹಾಕಿ ಕೊಟ್ಟರು. ಪೂಜೆ ಮಾಡಿದ ಕಲ್ಲನ್ನು ಬರಿದು ಬಿಡಬಾರದು ಎಂಬುದು ನಮ್ಮ ಕಡೆಯ ಹೆಂಗಸರ ನಡವಳಿಕೆ. ನಮ್ಮ ಮನೆಯ ಕಲ್ಲನ್ನು ಅತ್ತೆಯೇ ಉರುಳಿಸಿ ಗುಂಡಿಗೆ ಬಿಟ್ಟರು.

ಕೆಲವು ವರ್ಷ ಚೆನ್ನಾಗಿಯೇ ನಡೆಯಿತು. ಸ್ಟಾರ್ಟರಿನ ಹಿಡಿ ಎಳೆದರೆ ಮುಗಿಯಿತು, ಹೊಗೆಯಿಲ್ಲ, ಕೆಮ್ಮಿಲ್ಲ. ನಾನೂ ಮಿಷನ್ನು ನಡೆಸುವುದನ್ನು ಕಲಿತೆ. ಕಲ್ಲು ಬಿಗಿ ಮಾಡುವುದು, ಸಡಿಲಿಸುವುದು, ಹಿಟ್ಟನ್ನು ಬೆರಳಲ್ಲಿ ಉಜ್ಜಿ ನುಣುಪು ನೋಡುವುದು ಎಲ್ಲ ಬಂತು. ಅಕ್ಕಿ ಮೊದಲು, ರಾಗಿ ಆಮೇಲೆ, ಮೆಣಸಿನಕಾಯಿ ಕಡೆಗೆ ಎಂಬ ಕಟ್ಟಳೆ ಮೀರಿದವರನ್ನು ಗದರಿಸುವ ಅಧಿಕಾರವೂ ನನ್ನದಾಯಿತು. ಅದನ್ನು ನಾನು ಸಂಕೋಚವಿಲ್ಲದೆ ಚಲಾಯಿಸಿದೆ.

ಆಮೇಲೆ ಕರೆಂಟು ಸೊರಗತೊಡಗಿತು. ಊರೂರಿಗೆ ಕಂಬ ಹೋದವು, ಬಾವಿಬಾವಿಗೆ ಪಂಪು ಬಂದವು, ಹುಟ್ಟುವ ಕರೆಂಟು ಮಾತ್ರ ಅಷ್ಟೇ. ಹೊಸ ಪವರ್ ಹೌಸ್ ಕಟ್ಟುತ್ತಿದ್ದಾರೆ, ಇನ್ನೇನು ಬಂತು ಎಂದು ಪತ್ರಿಕೆಯಲ್ಲಿ ಓದುತ್ತಿದ್ದೆ. ಇತ್ತ ಸಂಜೆಯಾದರೆ ಬಲ್ಬು ಕೆಂಪಗೆ ಮಿಣುಕುತ್ತಿತ್ತು. ಕರೆಂಟಿನ ಒತ್ತಡ ಇಳಿದಾಗಲೆಲ್ಲ ಸ್ಟಾರ್ಟರಿನ ಹಿಡಿ ತಾನಾಗಿ ಬಿದ್ದು ಮಿಷನ್ನು ನಿಲ್ಲುತ್ತಿತ್ತು. ಮೋಟರು ಸುಡದಿರಲಿ ಎಂದೇ ಅದನ್ನು ಹಾಗೆ ಮಾಡಿರುವುದು. ಆದರೆ ಸಾಲಾಗಿ ಡಬ್ಬ ಇಟ್ಟುಕೊಂಡು ಕೂತ ಹೆಂಗಸರಿಗೆ ಅದನ್ನು ಹೇಳಿ ಬಾಯಿ ನೋಯಿಸಿಕೊಳ್ಳುವವರು ಯಾರು? ಎಲ್ಲ ಮಿಷನ್ನಿನವರೂ ಮಾಡುತ್ತಿದ್ದುದನ್ನೇ ನಮ್ಮವರೂ ಮಾಡಿದರು. ಹಿಡಿಯನ್ನು ಸೆಣಬಿನ ಹುರಿಯಿಂದ ಬಿಗಿದು ಕಟ್ಟಿದರು. ಫ್ಯೂಸಿಗೆ ಸಿಕ್ಕಿದ ದಪ್ಪ ತಂತಿ ಹಾಕಿದರು. ಮೇನ್ ಸ್ವಿಚ್ಚಿನ ಪಿಂಗಾಣಿ ಒಡೆದಾಗ ಹೊಸದು ಹೊಳೆನರಸೀಪುರದಲ್ಲೂ ಸಿಗದೆ, ಹಾಸನದಲ್ಲೂ ಸಿಗದೆ, ತಂತಿಗೆ ತಂತಿ ನೇರ ಜೋಡಿಸಿದರು. ಇನ್ನು ಮಿಷನ್ನು ನಿಲ್ಲಿಸಲು ಆ ಹುರಿ ಬಿಚ್ಚುವುದೊಂದೇ ದಾರಿ.

ಒಂದು ವರ್ಷ ಮಳೆ ಕೈಕೊಟ್ಟಿತು. ನಮ್ಮಲ್ಲಿ ಮಾತ್ರ ಅಲ್ಲ, ಜೋಗದ ಕಡೆಯೂ. ಅಣೆಕಟ್ಟು ತುಂಬಲಿಲ್ಲ ಎಂದು ಸರ್ಕಾರ ಕರೆಂಟನ್ನು ಸರದಿ ಮೇಲೆ ಕೊಡತೊಡಗಿತು. ದಿನಕ್ಕೆ ಇಷ್ಟು ಹೊತ್ತು ಈ ಲೈನಿಗೆ, ಇಷ್ಟು ಹೊತ್ತು ಆ ಲೈನಿಗೆ. ಕೊಟ್ಟ ಹೊತ್ತಿನಲ್ಲಿ ಎಲ್ಲ ಪಂಪುಗಳೂ ಎಲ್ಲ ಮಿಷನ್ನುಗಳೂ ಒಟ್ಟಿಗೆ ಬಾಯಿ ಹಾಕುತ್ತಿದ್ದವು. ಅಂಥ ಒಂದು ದಿನ ನಮ್ಮ ಮೋಟರು ಗುಂಯ್ ಎಂದು ನರಳಿ ಸುಟ್ಟುಹೋಯಿತು.

ಹಾಸನದಲ್ಲಿ ಮೋಟರಿಗೆ ಹೊಸದಾಗಿ ತಂತಿ ಸುತ್ತಿಕೊಡುವ ಅಂಗಡಿ ಒಂದಿತ್ತು. ನಮ್ಮವರು ಗಾಡಿಯಲ್ಲಿ ಹೇರಿಕೊಂಡು ಹೋಗಿ ಇಳಿಸಿದರು. ಅಂಗಡಿಯವನು ಸುತ್ತುವುದು ನಾಲ್ಕು ದಿನದ ಕೆಲಸ, ಆದರೆ ತಾಮ್ರದ ತಂತಿಯೇ ಇಲ್ಲ ಎಂದನಂತೆ. ತಾಮ್ರ ಹೊರದೇಶದಿಂದ ಬರಬೇಕು. ಅದಕ್ಕೆ ಕೊಡಲು ವಿದೇಶಿ ವಿನಿಮಯ ಇಲ್ಲ. ಇರುವ ತಾಮ್ರವೆಲ್ಲ ಯುದ್ಧದ ಸಾಮಾನಿಗೆ. ನಾನು ಇದನ್ನೇ ಪತ್ರಿಕೆಯಲ್ಲಿ ಓದಿದ್ದೆ. ಓದುವಾಗ ಅದು ನಮ್ಮ ಮೋಟರಿನ ವಿಷಯ ಎಂದು ಹೊಳೆದಿರಲಿಲ್ಲ.

"ವಿದೇಶಿ ವಿನಿಮಯ ಅಂದ್ರೇನವ್ವಾ?" ಎಂದು ಅತ್ತೆ ಕೇಳಿದರು.

ಹೊರದೇಶದವರು ನಮ್ಮ ರೂಪಾಯಿ ಮುಟ್ಟುವುದಿಲ್ಲ, ಅವರ ದುಡ್ಡೇ ಬೇಕು, ಅದು ನಮ್ಮಲ್ಲಿ ಖಾಲಿಯಾಗಿದೆ ಎಂದು ತಿಳಿದಷ್ಟು ಹೇಳಿದೆ.

"ನಮ್ ವಲದ್ ರಾಗಿ, ನಮ್ ವಟ್ಟೆಗೆ ಇಟ್ಟು. ಅದ ಬೀಸಕ್ಕೆ ಅಮೆರಿಕದೋರ ದುಡ್ಡು ಯಾಕವ್ವಾ ಬೇಕು?"

ನಮ್ಮವರು ಕೇಳಿಸಿಕೊಂಡು ಎದ್ದು ಹಿತ್ತಲಿಗೆ ಹೋದರು. ಮೊದಲಾಗಿದ್ದರೆ ಸಂಜೆವರೆಗೆ ವಿವರಿಸುತ್ತಿದ್ದರು.

ಊರಿನಲ್ಲಿ ಹಿಟ್ಟಿಗೆ ಪರದಾಟ ಶುರುವಾಯಿತು. ಬೀಸುಕಲ್ಲುಗಳೆಲ್ಲ ನಮ್ಮ ಮೋಟರಿನ ಬುಡದಲ್ಲಿ ಸಿಮೆಂಟಿನಡಿ ಇದ್ದವು. ಕಲ್ಲು ಕೊಡದೆ ಉಳಿದಿದ್ದವಳು ಕೆಳಗಿನ ಬೀದಿಯ ಒಬ್ಬ ಮುದುಕಿ ಮಾತ್ರ. ಅವಳ ಮನೆಯ ಮುಂದೆ ಜಗಳ. ಉಳಿದವರು ಡಬ್ಬ ಹೊತ್ತು ನರಸೀಪುರಕ್ಕೆ ನಡೆದರು. ಅಲ್ಲಿಯೂ ಸರದಿ ಕರೆಂಟು, ಒಂದೊಂದು ದಿನ ರಾಗಿಯನ್ನು ಹಾಗೆಯೇ ವಾಪಸು ಹೊತ್ತು ತಂದರು. ಹಾದಿಯಲ್ಲಿ ನಮ್ಮ ಬಾಗಿಲ ಮುಂದೆ ಹಾಯುವಾಗ ಯಾರೂ ಬೈಯುತ್ತಿರಲಿಲ್ಲ. ಬೈದಿದ್ದರೆ ಒಂದಿಷ್ಟು ಸಮಾಧಾನವಾಗುತ್ತಿತ್ತು, ತಿರುಗಿ ಬೈಯಬಹುದಿತ್ತು. ಅವರು ನಮ್ಮ ಕಡೆ ನೋಡದೆ ಹೋಗುತ್ತಿದ್ದರು.

ನಮ್ಮವರು ನಾಚಿಕೆ ಬಿಟ್ಟು ಅರಕಲಗೂಡಿಗೆ ಹೋದರು, ಹಳೆಯ ಎಂಜಿನ್ನನ್ನು ತಿರುಗಿ ಕೊಡುತ್ತಾರೇನೋ ಕೇಳಲು. ಎಂಜಿನ್ನು ಅಲ್ಲಿ ಹುಣಸೆಮರದಡಿ ಮಣ್ಣು ಹಿಡಿದು ನಿಂತಿತ್ತಂತೆ. ಎಣ್ಣೆ ಚಿಮ್ಮಿಸುವ ಒಂದು ಚಿಕ್ಕ ಮೂತಿ ಸವೆದು ಹೋಗಿ, ಅದು ಇಂಗ್ಲೆಂಡಿನಿಂದ ಬರಬೇಕಾಗಿ, ಬಾರದೆ, ಕೊಂಡವರು ಅದನ್ನು ಕೈಬಿಟ್ಟಿದ್ದರು. ನಮ್ಮವರು ಅದರ ಚಕ್ರಕ್ಕೆ ಕೈ ಹಾಕಿ ಒಂದು ಸುತ್ತು ತಿರುಗಿಸಿ ನೋಡಿ ಬಂದರು. ಇಷ್ಟನ್ನು ಹೇಳಿ ಮುದ್ದೆ ಮುರಿಯದೆ ಕೈ ತೊಳೆದರು.

ಆಗ ನರಸೀಪುರದ ಕರೆಂಟ್ ಸ್ಟೇಷನ್ನಿನಲ್ಲಿ ದಿನಗೂಲಿಗೆ ಒಬ್ಬ ಆಳು ಬೇಕಿತ್ತು. ಸರದಿ ಪ್ರಕಾರ ಲೈನು ತೆಗೆಯುವುದು, ಕೊಡುವುದು, ಫೋನಿಗೆ ಓಗೊಡುವುದು. ಮೋಟರು ಸ್ಟಾರ್ಟರು ಬಲ್ಲವರು ಎಂದು ನಮ್ಮವರನ್ನು ತೆಗೆದುಕೊಂಡರು. ನಾನು ಬೇಡ ಎಂದೆ. ಜಗಳವನ್ನೇ ಆಡಿದೆ. ಊರಿಗೆಲ್ಲ ಕರೆಂಟು ಬರುತ್ತದೆ ಎಂದು ಸಾರಿದವರು ಈಗ ಊರಿನ ಕರೆಂಟು ತೆಗೆಯುವ ಕೆಲಸಕ್ಕೆ ಹೋಗಬೇಕೇ ಎಂದೆ.

"ಯಾರೋ ಒಬ್ರು ತಗೀಲೇಬೇಕು ಕಣೆ. ನಾನಾದ್ರೆ ನ್ಯಾಯವಾಗಿ ತಗೀತೀನಿ" ಎಂದರು.

ಸೈಕಲ್ಲಿನಲ್ಲಿ ಹೋಗಿ ಬರತೊಡಗಿದರು. ಮೇಲಿನವರು ಫೋನಿನಲ್ಲಿ ಹೇಳಿದ ಲೈನನ್ನು ಹೇಳಿದ ಹೊತ್ತಿಗೆ ತೆಗೆಯಬೇಕು. ಯಾಕೆ ಎಂದು ಕೇಳುವಂತಿಲ್ಲ. ಕೇಳಿದರೆ ಆ ಮೇಲಿನವರಿಗೂ ಗೊತ್ತಿಲ್ಲ, ಅವರಿಗೂ ಮೇಲಿನವರು ಹೇಳಿರುತ್ತಾರೆ. ಹಾದಿಯಲ್ಲಿ ಜನ ಸೈಕಲ್ಲು ನಿಲ್ಲಿಸುತ್ತಿದ್ದರು. ಭತ್ತದ ಗದ್ದೆಗೆ ಒಂದು ಗಳಿಗೆ ನೀರು ಬಿಟ್ಟುಕೊಳ್ಳುತ್ತೇನೆ, ನಮ್ಮ ಲೈನು ಕೊಡಣ್ಣ ಎಂದು ಕೈ ಮುಗಿಯುತ್ತಿದ್ದರು. ನಮ್ಮೂರಿನ ಹೆಂಗಸರು ಮನೆಗೇ ಬಂದು ಕೇಳುತ್ತಿದ್ದರು.

"ಏನಣ್ಣಾ, ನಾಳೀಕೆ ಬತ್ತದಾ?"

"ಮ್ಯಾಲಿಂದ ಏಳ್ಬೇಕು ಕಣಕ್ಕ."

ಎಲ್ಲರಿಗೂ ಅದೊಂದೇ ಉತ್ತರ. ಮನೆಯಲ್ಲಿ ನಾನು ನಾಳೆ ಏನು ಸಾರು ಮಾಡಲಿ ಎಂದರೂ ಅದೇ ಉತ್ತರ ಬಂದೀತೆಂದು ನನಗೆ ಭಯವಾಗುತ್ತಿತ್ತು. ಪತ್ರಿಕೆ ಓದಿ ಹೇಳು ಎನ್ನುವುದನ್ನು ಬಿಟ್ಟುಬಿಟ್ಟರು. ನಾನಾಗಿ ಓದಿದರೆ ಎದ್ದು ಹೊರಗೆ ಹೋಗುತ್ತಿದ್ದರು. ಮಿಷನ್‌ಮನೆಯ ಬೀಗ ತೆಗೆದು ಒಳಗೆ ಹೋಗಿ, ಬೆಲ್ಟಿಗೆ ಎಣ್ಣೆ ಸವರಿ, ಕಲ್ಲಿನ ಧೂಳು ಒರೆಸಿ ಬರುತ್ತಿದ್ದರು. ಆ ಮಿಷನ್ನು ಮತ್ತೆ ತಿರುಗಿದರೆ ನನ್ನ ಗಂಡ ನನಗೆ ಮತ್ತೆ ಸಿಗುತ್ತಾರೆ ಎಂದು ನಾನು ನಂಬಿದ್ದೆ. ಬೇರೆ ಯಾವ ಆಸೆಯೂ ಆಗ ನನಗಿರಲಿಲ್ಲ.

ತಿಂಗಳುಗಳು ಕಳೆದ ಮೇಲೆ ಹಾಸನದಿಂದ ಹೇಳಿಕಳಿಸಿದರು. ಎಲ್ಲಿಂದಲೋ ಒಂದಿಷ್ಟು ತಾಮ್ರದ ತಂತಿ ಬಂದಿತ್ತು, ನಮ್ಮ ಮೋಟರಿಗೆ ಸಾಕಾಗುವಷ್ಟು. ಇನ್ನೊಮ್ಮೆ ಸುಟ್ಟರೆ ನನ್ನ ಕಡೆ ಬರಬೇಡಿ, ಸತ್ಯವಾಗಲೂ ಇದೇ ಕಡೆಯದು ಎಂದು ಅಂಗಡಿಯವನು ಹೇಳಿ ಕಳಿಸಿದ. ನಮ್ಮವರು ಮೋಟರನ್ನು ಗಾಡಿಯಲ್ಲಿ ತಂದು, ಸಂಜೆಗಳಲ್ಲಿ ಕೂತು ತಾವೇ ಜೋಡಿಸಿದರು. ಒಳ್ಳೆಯ ದಿನ ನೋಡಿ ಪೂಜೆ ಇಟ್ಟುಕೊಂಡೆವು. ಅವತ್ತು ಅವರಿಗೆ ರಜೆ ಸಿಗಲಿಲ್ಲ.

"ನೀನೇ ಆಕು. ನಿಂಗೆ ಗೊತ್ತಲ್ಲ" ಎಂದರು. "ಹಿಡಿ ಎಳೆದ್ ಮ್ಯಾಲೆ ಹುರಿ ಬಿಗ್ದು ಕಟ್ಟು, ಬಿಚ್ಚಬ್ಯಾಡ, ಬಿಚ್ಚುದ್ರೆ ಈ ಕರೆಂಟಿಗೆ ಹಿಡಿ ನಿಲ್ಲಾಕಿಲ್ಲ. ನಡೂವೆ ಕರೆಂಟ್ ಓದ್ರೆ ಕಲ್ಲು ಖಾಲಿ ಮಾಡ್ಬುಡು, ಅಷ್ಟೇಯ. ಬರೀ ಕಲ್ಲಾದ್ರೆ ಕರೆಂಟ್ ಬಂದಾಗ ತಾನೇ ತಿರುಗ್ತದೆ. ಕಾಳು ಕಚ್ಕಂಡಿದ್ರೆ ಮಾತ್ರ ಮೋಟರ್ ಏಳಾಕಿಲ್ಲ. ಸಂಜೆ ನಾನ್ ಬಂದು ನೋಡ್ಕತೀನಿ."

ಬೆಳಿಗ್ಗೆ ಊರಿನ ಹೆಂಗಸರೆಲ್ಲ ಬಂದರು. ಅತ್ತೆ ಕಲ್ಲಿಗೆ ಅರಿಶಿನ ಕುಂಕುಮ ಇಟ್ಟು, ಹೂ ಏರಿಸಿ, ಮೊದಲ ಮೊರ ರಾಗಿ ಹೊಯ್ದರು. ನಾನು ಹಿಡಿ ಎಳೆದು ಹುರಿ ಬಿಗಿದೆ. ಬೆಲ್ಟು ತಿರುಗಿತು. ಮೂತಿಯಿಂದ ಬಿಸಿ ಹಿಟ್ಟು ಬೀಳತೊಡಗಿದಾಗ ಒಬ್ಬಳು ಕೈಯೊಡ್ಡಿ ಹಿಡಿದು ಬಾಯಿಗೇ ಹಾಕಿಕೊಂಡಳು. ಎಲ್ಲರೂ ನಕ್ಕರು. ನನಗೆ ಕಣ್ಣಲ್ಲಿ ನೀರು ಬಂತು, ಹಿಟ್ಟಿನ ಧೂಳು ಎಂದು ಸೆರಗಿನಲ್ಲಿ ಒರೆಸಿಕೊಂಡೆ.

ನಾಲ್ಕೈದು ಡಬ್ಬ ಆಗಿತ್ತು. ಕಲ್ಲಿನ ತುಂಬ ಕಾಳಿರುವಾಗ ಬೆಲ್ಟು ನಿಧಾನವಾಗಿ ನಿಂತಿತು. ಕರೆಂಟು ತೆಗೆದಿದ್ದರು. ಯಾರ ಕೈ ತೆಗೆದದ್ದು ಎಂದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ನಮ್ಮ ಲೈನಿಗೆ ಇನ್ನು ಸಂಜೆಯ ಸರದಿಯೇ.

ನಾನು ಕಲ್ಲು ಸಡಿಲಿಸಿ ಕಾಳು ತೆಗೆಯಲು ಬಗ್ಗಿದೆ. ಅತ್ತೆ ಕೈ ಹಿಡಿದರು.

"ಪೂಜೆ ಮಾಡಿರೋ ಕಲ್ಲು ಕಣವ್ವ. ದೀಪ ಅಚ್ಚೋಗಂಟ ಬರಿದು ಮಾಡಬ್ಯಾಡ."

ಅವರು ಹೇಳಿದ್ದಾರೆ, ಖಾಲಿ ಮಾಡಲೇಬೇಕು ಎಂದೆ. ಹೆಂಗಸರೆಲ್ಲ ಅತ್ತೆಯ ಕಡೆಯಾದರು. ಇಷ್ಟು ತಿಂಗಳು ಕೆಟ್ಟು ನಿಂತದ್ದು ಇವತ್ತು ಶುರುವಾಗಿದೆ, ಮೊದಲ ದಿನವೇ ಬರಿದು ಮಾಡಿದರೆ ಏನು ಗತಿ, ಸಂಜೆಗೆ ನಿನ್ನ ಗಂಡನೇ ಬರುತ್ತಾನಲ್ಲ, ಕರೆಂಟೂ ಆಗಲೇ ಬರುವುದು ಎಂದರು. ಅವರು ಅಷ್ಟು ಹೆದರಿದ್ದರು. ಹಿಟ್ಟಿಲ್ಲದೆ ಕಳೆದ ತಿಂಗಳುಗಳ ಹೆದರಿಕೆ ಅದು. ಅವರ ಮುಖ ನೋಡಿ ನನ್ನ ಜೋರು ಎಲ್ಲಿ ಹೋಯಿತೋ. ಬಿಚ್ಚಬೇಡ ಎಂದಿದ್ದ ಹುರಿಯನ್ನೂ ಹಾಗೇ ಬಿಟ್ಟು, ಬಾಗಿಲು ಮುಂದಕ್ಕೆ ಎಳೆದುಕೊಂಡು ಎಲ್ಲರೂ ಮನೆಗೆ ಹೋದೆವು.

ಮಧ್ಯಾಹ್ನ ನಾನು ಬಾವಿಕಟ್ಟೆಯಲ್ಲಿ ಬಟ್ಟೆ ಸೆಳೆಯುತ್ತಿದ್ದೆ. ಮೊದಲು ಬಂದದ್ದು ವಾಸನೆ. ಮೋಟರು ಹಿಂದೊಮ್ಮೆ ಸುಟ್ಟಾಗ ಬಂದ ವಾಸನೆ, ಮೂಗು ಅದನ್ನು ಮರೆತಿರಲಿಲ್ಲ. ಓಡಿದೆ. ಮಿಷನ್‌ಮನೆಯ ತುಂಬ ಹೊಗೆ. ಅದರೊಳಗೆ ಬಲ್ಬು ಉರಿಯುತ್ತಿತ್ತು. ಹೊತ್ತಲ್ಲದ ಹೊತ್ತಿನಲ್ಲಿ ಕರೆಂಟು ಬಂದಿತ್ತು. ಮೋಟರು ಕಚ್ಚಿದ ಕಲ್ಲನ್ನು ಅಲ್ಲಾಡಿಸಲಾರದೆ ನರಳುತ್ತಿತ್ತು. ಕುಡುಗೋಲು ಹುಡುಕಿ ಹುರಿ ಕೊಯ್ದೆ. ಹಿಡಿ ಬಿತ್ತು. ಅಷ್ಟು ಹೊತ್ತಿಗೆ ನರಳುವುದೂ ನಿಂತಿತ್ತು.

ಅತ್ತೆ ಬಂದು ನೋಡಿದರು. ಒಳಗೆ ಹೋಗಿ ಗೋಡೆ ಕಡೆ ತಿರುಗಿ ಮಲಗಿದರು. ಅವರ ಮೇಲೆ ಸಿಟ್ಟು ಮಾಡಿಕೊಳ್ಳಲು ನೋಡಿದೆ. ಹೆಂಗಸರ ಮೇಲೆ, ಅಂಗಡಿಯವನ ಮೇಲೆ, ಕಾಣದ ಸರ್ಕಾರದ ಮೇಲೆ, ಬೀಳದ ಮಳೆಯ ಮೇಲೆ ಸಿಟ್ಟು ಹುಡುಕಿದೆ. ಜೀವನದಲ್ಲಿ ಮೊದಲ ಸಲ ನನಗೆ ಸಿಟ್ಟು ಬರಲಿಲ್ಲ. ಮಿಷನ್‌ಮನೆಯ ಹೊಸ್ತಿಲ ಮೇಲೆ ಒದ್ದೆ ಸೀರೆಯಲ್ಲಿ ಕೂತಿದ್ದೆ, ಅಷ್ಟೇ.

ಸಂಜೆ ನಮ್ಮವರು ಬಂದರು. ಯಾವತ್ತೂ ಸೈಕಲ್ಲು ತಳ್ಳಿಕೊಂಡು ಬರುವವರು ಅವತ್ತು ತುಳಿದುಕೊಂಡೇ ಅಂಗಳಕ್ಕೆ ಬಂದರು. ಎಷ್ಟೋ ಕಾಲದಿಂದ ನಾನು ಕಾಣದ ಗೆಲುವು ಮುಖದಲ್ಲಿತ್ತು. ಇಳಿಯುವ ಮೊದಲೇ ಮಾತು ಶುರು ಮಾಡಿದರು.

"ಮದ್ಯಾನ ಮ್ಯಾಲಿನೋರ್ಗೆ ನಾನೇ ಪೋನ್ ಮಾಡ್ದೆ ಕಣೆ. ಮನೇಲಿ ಇವತ್ತು ಮಿಷನ್ ಪೂಜೆ, ಎಂಗಸ್ರು ಕಾಯ್ತಾ ಕುಂತಿರ್ತಾರೆ, ನಮ್ ಲೈನೊಂದ ಸಂಜೆಗಂಟ ಕಾಯಿಸ್ಬ್ಯಾಡಿ ಸಾ ಅಂದೆ. ಇಷ್ಟ್ ದಿನದಲ್ಲಿ ಒಂದ್ ದಪಾನೂ ಕೇಳ್ದೋನಲ್ಲ ಅಂತ ಪಾಪ ಒಪ್ಕಂಡ್ರು. ನಾನೇ ಕೈಯಾರೆ ಲೈನ್ ಆಕ್ದೆ. ಬಂತಾ?"

"ಬಂತು" ಎಂದೆ.

ಅವರು ಸೈಕಲ್ಲನ್ನು ಗೋಡೆಗೆ ಒರಗಿಸಿ, ಕೈಕಾಲು ಕೂಡ ತೊಳೆಯದೆ ಮಿಷನ್‌ಮನೆಯ ಕಡೆ ನಡೆದರು.